ಅಟ್ಟದಿಂದ ಇಳಿದ ಎರಡು ಪೆಟ್ಟಿಗೆ: ಯಾರಿಗಾದರೂ ಬೇಕಾ, ಬಚ್ಚಲೊಲೆಗೆ ಹಾಕಲಾ?

ಹಳೇ ಹಾಸ್ಯ:
ಮನೆಯ ಹಂಚು ತೆಗೆದು ಶೀಟು ಹಾಕಿಸುವ ಕೆಲಸ ನಡೀತಾ ಉಂಟು. ಅಟ್ಟ ಖಾಲಿ ಆಗಲೇಬೇಕು. ಅಡಿಕೆ ಗೋಣಿ, ಒಡೆದ ಭರಣಿ, ಮಕ್ಕಳ ತೊಟ್ಟಿಲು ಎಲ್ಲ ಇಳಿದ ಮೇಲೆ ಮೂಲೆಯಲ್ಲಿ ಉಳಿದದ್ದು ನನ್ನ ಎರಡು ತಗಡಿನ ಪೆಟ್ಟಿಗೆ.

ನಾನು ಯಾರು ಅಂತ ಕೇಳುವುದು ಬೇಡ, ಹೆಸರು ಹೇಳಿದರೂ ಗೊತ್ತಾಗಲಿಕ್ಕಿಲ್ಲ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ಯಕ್ಷಗಾನ ಮೇಳದಲ್ಲಿ ಹಾಸ್ಯ. ಮಳೆಗಾಲದಲ್ಲಿ ಶಾಲೆಗಳಿಗೆ ಹೋಗಿ ಮ್ಯಾಜಿಕ್ಕು, ಮಾತಾಡುವ ಗೊಂಬೆ. ನವರಾತ್ರಿಗೆ ಹುಲಿ ವೇಷ. ಚುನಾವಣೆ ಬಂದರೆ ಜೀಪಿನಲ್ಲಿ ಮೈಕು, ಯಾವ ಪಕ್ಷ ಅಂತ ನೋಡಿದವನಲ್ಲ. ನಡುವೆ ಒಂದು ವರ್ಷ ಮೇಳ ಬಿಟ್ಟು ತಲಶ್ಶೇರಿ ಕಡೆಯ ಒಂದು ಸರ್ಕಸ್ಸಿನಲ್ಲಿ ಜೋಕರ್ ಕೂಡ ಆಗಿದ್ದೆ. ಒಟ್ಟಿನಲ್ಲಿ ಸಂಬಳ ಅಂತ ಎಲ್ಲೆಲ್ಲಿ ಹೇಳಿದರೋ ಅಲ್ಲೆಲ್ಲ ಕುಣಿದೆ, ಸಿಕ್ಕಿದ್ದು ಕೆಲವು ಕಡೆ ಮಾತ್ರ.

ಪೆಟ್ಟಿಗೆಯಲ್ಲಿ ಇರುವುದು ಅಡಿಕೆ ಹಾಳೆಯಲ್ಲಿ ಕೊರೆದ ಹಲ್ಲುಗಳು (ಒಂದು ಡಬ್ಬಿ ತುಂಬ), ಸರ್ಕಸ್ಸಿನ ಷೂ ಒಂದೇ ಕಾಲಿನದ್ದು, ದವಡೆಯ ನೂಲು ತುಂಡಾದ ಗೊಂಬೆ, ಹ್ಯಾಂಡ್‌ಬಿಲ್ಲುಗಳು, ಮುಖದ ಬಣ್ಣಕ್ಕೆ ಹಾಕುವ ಅರದಾಳ ಮತ್ತು ಇಂಗಳಿಕದ ಪೊಟ್ಟಣ, ರಾಳ ಅರ್ಧ ಚೀಲ, ಒಂದು ಕಿರೀಟ. ಮತ್ತೆ ಆನೆಯ ಮುಂದಿನ ಅರ್ಧ. ಹಿಂದಿನ ಅರ್ಧ ಇಲ್ಲ, ಅದರ ಕತೆ ಬೇರೆಯೇ ಉಂಟು.

ಹೆಂಡತಿ ಹೇಳುವುದು ಬಚ್ಚಲೊಲೆಗೆ ಹಾಕಿ, ಎರಡು ದಿವಸ ನೀರು ಕಾಯ್ತದೆ ಅಂತ. ಮಗ ವಿಡಿಯೋ ಮಾಡುವ ಅಂತಾನೆ. ಬೇಕಾದವರು ಹೇಳಿ. ದುಡ್ಡು ಬೇಡ.

ಪೆರ್ಲದ ಮಾಣಿ:
ಕಿರೀಟ ನನಗೆ!!! ಫೋಟೋ ಹಾಕಿ ಮಾವ.

ದುಬೈ ಮುಳ್ಳೇರಿಯ:
ಕಿರೀಟ ಕೊಡುವುದಾದರೆ ನಾನೂ ಉಂಟು. ಇಲ್ಲಿ ಫ್ಲಾಟಿನಲ್ಲಿ ಗೋಡೆಗೆ ಹಾಕ್ಲಿಕ್ಕೆ. ಪಾರ್ಸೆಲ್ ಖರ್ಚು ನನ್ನದು.

ಚೌಕಿ ಮೂಲೆ:
ಕಿರೀಟದ ವಿಷಯ ಆಮೇಲೆ. ಮೊದಲು ಆ ಪೆಟ್ಟಿಗೆಯನ್ನು ಒಲೆಯ ಹತ್ತಿರದಿಂದ ತೆಗೆಯಿರಿ ಮಾರಾಯ್ರೆ. ಅರದಾಳ ಅಂದರೆ ಆರ್ಸೆನಿಕ್ಕಿನ ಅದಿರು. ಇಂಗಳಿಕದಲ್ಲಿ ಇರುವುದು ಪಾದರಸ. ಒಲೆಗೆ ಹಾಕಿದರೆ ಹೊಗೆಯಲ್ಲಿ ಎರಡೂ ಮನೆ ತುಂಬ ಬರ್ತದೆ. ಮೇಲಿನಿಂದ ರಾಳ ಬೇರೆ! ಮಹಿಷಾಸುರ ಬರುವಾಗ ದೊಂದಿಗೆ ಒಂದು ಮುಷ್ಟಿ ಎರಚಿದರೆ ಬೆಂಕಿ ಮಾಡಿನೆತ್ತರಕ್ಕೆ ಹೋಗುವುದನ್ನು ನೀವೇ ನೋಡಿದವರಲ್ವಾ? ಅರ್ಧ ಚೀಲ ಒಲೆಗೆ ಬಿದ್ದರೆ ಹೊಸ ಶೀಟು ಉಳಿಯುವುದಿಲ್ಲ.

ಹಳೇ ಹಾಸ್ಯ:
ಆರ್ಸೆನಿಕ್ಕು ಅಂತ ನಮಗೆ ಯಾರು ಹೇಳಿದ್ರು? ಅಂಗೈಯಲ್ಲಿ ಎಣ್ಣೆ ಹಾಕಿ ಅರದಾಳ, ಸಫೇತ, ಸ್ವಲ್ಪ ಇಂಗಳಿಕ ಕಲಸಿ ಮುಖಕ್ಕೆ ತಿಕ್ಕುವುದು. ಬೆಳಗ್ಗೆ ತೆಂಗಿನೆಣ್ಣೆ ಹಾಕಿ ಒರೆಸುವುದು. ಕೈ ಸಮಾ ತೊಳೆಯದೆ ಅವಲಕ್ಕಿ ತಿಂದದ್ದೂ ಉಂಟು. ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರ ಪಾಡು ಇನ್ನೂ ಕಷ್ಟ, ಅಕ್ಕಿ ಹಿಟ್ಟು ಸುಣ್ಣದಲ್ಲಿ ಚುಟ್ಟಿ ಇಟ್ಟುಕೊಂಡು ಗಂಟೆಗಟ್ಟಲೆ ಮುಖ ಅಲ್ಲಾಡಿಸದೆ ಕೂರಬೇಕು. ಹಾಸ್ಯಕ್ಕೆ ಅಷ್ಟು ಬಣ್ಣ ಬೇಡ, ಅದಕ್ಕೇ ಈಗಲೂ ಬದುಕಿದ್ದೇನೋ ಏನೋ.

ಪೆರ್ಲದ ಮಾಣಿ:
ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಟ್ಟರೆ ಆಗ್ಲಿಕ್ಕಿಲ್ವಾ? ತಿಂಗಳು ತಿಂಗಳು 50 ರೂಪಾಯಿ ತೆಗೊಳ್ತಾರೆ.

ಉಪ್ಪಳ ಅಕ್ಕ:
ಅವರು ಒಯ್ಯುವುದು ಪ್ಲಾಸ್ಟಿಕ್ಕು ಮಾಣಿ. ತೊಳೆದು ಒಣಗಿಸಿ ಕೊಡದಿದ್ದರೆ ಅದನ್ನೂ ವಾಪಸ್ ಇಡ್ತಾರೆ. ಅರದಾಳ ಕೊಟ್ಟು ಬೈಗುಳ ತಿನ್ನಬೇಡ.

ಬದಿಯಡ್ಕ ಟೀಚರ್:
ಬಣ್ಣದ ಪೊಟ್ಟಣಗಳನ್ನು ಗಾಜಿನ ಭರಣಿಗೆ ಹಾಕಿ ಬಾಯಿ ಬಿಗಿ ಕಟ್ಟಿ, ಮೇಲೆ ವಿಷ ಅಂತ ಬರೆದಿಡಿ. ಮಕ್ಕಳಿರುವ ಮನೆ. ಇನ್ನು ಆನೆಯ ಕತೆ ಹೇಳಿ. ಅದನ್ನು ಹೇಳದೆ ಬಿಟ್ಟದ್ದು ಸರಿಯಲ್ಲ.

ಹಳೇ ಹಾಸ್ಯ:
ಟೀಚರ್ ಕೇಳಿದ್ದಕ್ಕೆ ಹೇಳ್ತೇನೆ.

ಕುಂಬಳೆ ಸೀಮೆಯ ಒಂದು ಬಯಲಿನಲ್ಲಿ ಗಜೇಂದ್ರ ಮೋಕ್ಷ. ಮೇಳದಲ್ಲಿ ಆನೆ ಇರಲಿಲ್ಲ. ಹರಕೆ ಹೊತ್ತವರಿಗೆ ಆನೆ ಬೇಕೇ ಬೇಕು. ಹಾಗಾಗಿ ನಾನೇ ಮಾಡಿದ್ದು. ಬಿದಿರಿನ ಸಲಾಕೆ ಬಗ್ಗಿಸಿ ಬೆನ್ನು, ಅದರ ಮೇಲೆ ಗೋಣಿ, ಗೋಣಿಗೆ ಗಂಜಿ ತಿಳಿಯಲ್ಲಿ ಮಸಿ ಕಲಸಿ ಬಳಿದದ್ದು. ಕಿವಿಗೆ ಹಾಳೆ. ಸೊಂಡಿಲಿಗೆ ಹಳೇ ಪಂಚೆಯ ಕೊಳವೆ ಹೊಲಿದು ಒಳಗೆ ಬೆತ್ತದ ಬಳೆ ಕೂರಿಸಿದ್ದೆ, ನನ್ನ ಬಲಗೈ ಅದರೊಳಗೆ. ಬೇಕಾದ ಹಾಗೆ ಆಡಿಸಬಹುದು, ಮುಂದೆ ಕೂತವರ ತಲೆಯ ಮುಂಡಾಸು ಎತ್ತಬಹುದು. ಎತ್ತಿದ್ದೂ ಉಂಟು.

ಹಿಂದಿನ ಅರ್ಧಕ್ಕೆ ಒಬ್ಬ ಹುಡುಗ. ಬಗ್ಗಿ ನನ್ನ ಸೊಂಟ ಹಿಡಿದುಕೊಂಡು ಬರುವುದಷ್ಟೇ ಕೆಲಸ. ಆದರೆ ಅವನಿಗೆ ಎರಡು ತಿಂಗಳ ಸಂಬಳ ಬಾಕಿ. ಮೊಸಳೆ ಕಾಲು ಹಿಡಿದು, ಭಾಗವತರು ಆರ್ತನಾದದ ಪದ ಎತ್ತಿದ ಹೊತ್ತಿಗೆ ಸರಿಯಾಗಿ ಅವ ಗೋಣಿಯೊಳಗೇ ಕೂತುಬಿಟ್ಟ. "ಬಾಕಿ ಕೊಡದೆ ಏಳುವುದಿಲ್ಲ" ಅಂತ ಒಳಗಿನಿಂದ. ನಾನು ಎಳೆದೆ, ಅವ ಏಳಲಿಲ್ಲ. ಭಾಗವತರಿಗೆ ಏನೋ ಆಗಿದೆ ಅಂತ ಗೊತ್ತಾಗಿ ಅದೇ ಪದವನ್ನು ತಿರುಗಿ ತಿರುಗಿ ಹೇಳಿದ್ರು. ಜನರಿಗೆ ಭಕ್ತಿ ಉಕ್ಕಿತು. ಮುದುಕಿಯರು ಕೈ ಮುಗಿದ್ರು. ಮ್ಯಾನೇಜರು ಪರದೆಯ ಹಿಂದಿನಿಂದ ಹಲ್ಲು ಕಚ್ಚಿ ಕೈ ತೋರಿಸ್ತಾ ಇದ್ದಾರೆ.

ಕೊನೆಗೆ ಅವ ಹಿಂದಿನ ಅರ್ಧವನ್ನು ಹೊದ್ದುಕೊಂಡೇ ಎದ್ದು, ರಂಗಸ್ಥಳ ಇಳಿದು, ಗದ್ದೆಯ ಹುಣಿಯಲ್ಲಿ ಹೋದ. ಕುಂಬಳೆ ಸ್ಟೇಷನ್ನಿನಲ್ಲಿ ಬೆಳಗ್ಗಿನ ಲೋಕಲ್ ಹತ್ತಿದ ಅಂತ ಆಮೇಲೆ ಗೊತ್ತಾಯ್ತು. ವಿಷ್ಣು ಬಂದು ಚಕ್ರ ಬಿಟ್ಟು ಮೋಕ್ಷ ಕೊಟ್ಟದ್ದು ಎರಡೇ ಕಾಲಿನ ಅರ್ಧ ಆನೆಗೆ.

ದುಬೈ ಮುಳ್ಳೇರಿಯ:
ಆಫೀಸಿನಲ್ಲಿ ಕೂತು ನಗ್ತಾ ಇದ್ದೇನೆ, ಮಲಯಾಳಿ ಬಾಸು ನೋಡ್ತಾ ಇದ್ದಾನೆ.

ಉಪ್ಪಳ ಅಕ್ಕ:
ಮೊಸಳೆ ಅಂದ ಕೂಡಲೇ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ನೆನಪಾಯ್ತು. 2022ರ ಅಕ್ಟೋಬರಿನಲ್ಲಿ ಹೋಯ್ತು ಪಾಪ. ಪ್ರಸಾದದ ಅನ್ನ ತಿಂದುಕೊಂಡು ಇತ್ತು.

ಪೆರ್ಲದ ಮಾಣಿ:
ಮರುವರ್ಷ ಇನ್ನೊಂದು ಮರಿ ಕಾಣಿಸಿತಲ್ವಾ ಅಕ್ಕ ಕೆರೆಯಲ್ಲಿ.

ಗದ್ದೆಹುಣಿ:
ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಈಗ ಹೇಳಲೇಬೇಕು. ಆ ಹಿಂದಿನ ಅರ್ಧ ನಮ್ಮ ಮಾವ. ಮನೆಯಲ್ಲಿ ಈ ಕತೆ ನಾವು ಕೇಳಿದ್ದು ಬೇರೆ ರೀತಿ. ಸಂಬಳ ಬಾಕಿ ಇತ್ತು ನಿಜ. ಆದರೆ ಅವರು ಕೂತದ್ದು ಅದಕ್ಕಲ್ಲ. ಮುಂದಿನ ಅರ್ಧದವರು ಸೊಂಡಿಲು ಆಡಿಸುವ ಹುಮ್ಮಸ್ಸಿನಲ್ಲಿ ಹಿಂದೆ ಸರಿದು ಅವರ ಹೆಬ್ಬೆರಳು ತುಳಿದದ್ದು. ಗೆಜ್ಜೆ ಕಾಲಲ್ಲಿ! ಉಗುರು ಹೋಗಿತ್ತು. ಈಗಲೂ ಆ ಉಗುರು ಓರೆಯೇ.

ಹಳೇ ಹಾಸ್ಯ:
ಆನೆಗೆ ಎಲ್ಲಿಯ ಗೆಜ್ಜೆ?

ಗದ್ದೆಹುಣಿ:
ನೀವು ಅದಕ್ಕೆ ಮೊದಲು ಬೇರೆ ವೇಷ ಮಾಡಿ ಗೆಜ್ಜೆ ಬಿಚ್ಚದೆ ಆನೆಯೊಳಗೆ ಹೊಕ್ಕಿದ್ರಿ ಅಂತ ಮಾವ ಹೇಳ್ತಾರೆ.

ಮದ್ದಳೆ ಪೆಟ್ಟು:
ಇದು ಆಗುವ ಮಾತೇ. ಜನ ಕಮ್ಮಿ ಇದ್ದಾಗ ಒಬ್ಬನೇ ಮೂರು ವೇಷ. ಹಾಸ್ಯದವನಿಗಂತೂ ಎಲ್ಲ ಪ್ರಸಂಗದ ನಡೆ, ಎಲ್ಲರ ಅರ್ಥ, ಅಂದರೆ ಮಾತು, ಬಾಯಲ್ಲಿ ಇರಬೇಕು ಅಂತ ಹಿಂದಿನವರ ಲೆಕ್ಕ. ವೇಷಧಾರಿ ಬರುವುದು ತಡವಾದರೆ ರಂಗದಲ್ಲಿ ಹೊತ್ತು ಕಳೆಯಬೇಕಾದವ ಅವನೇ. ರಜಕ, ಬಾಹುಕ, ಮಂಥರೆ, ವಿಜಯ, ಎಲ್ಲ ಒಬ್ಬನ ತಲೆ ಮೇಲೆ. ಆದರೆ ಒಂದು ಮಾತು ಹೇಳದೆ ಇರ್ಲಿಕ್ಕೆ ಆಗುವುದಿಲ್ಲ. ಸರ್ಕಸ್ಸಿನ ಲಾಗವನ್ನು ರಂಗಸ್ಥಳಕ್ಕೆ ತಂದವರು ನೀವೇ ಆಗಿದ್ದರೆ, ಮಾಡಿದ್ದು ಒಳ್ಳೆಯ ಕೆಲಸ ಅಲ್ಲ. ಟೆಂಟಿನ ಮೇಳಗಳಲ್ಲಿ ಹಾಸ್ಯ ಹಾಳಾದದ್ದೇ ಹಾಗೆ. ಮಾತಿನಲ್ಲಿ ನಗಿಸುವುದು ಹೋಗಿ ಬಿದ್ದು ಎದ್ದು ನಗಿಸುವುದು ಶುರುವಾಯ್ತು.

ಹಳೇ ಹಾಸ್ಯ:
ತಂದವ ನಾನೊಬ್ಬನೇ ಅಲ್ಲ. ತಂದದ್ದು ಹೌದು.

ಸರ್ಕಸ್ಸಿನಲ್ಲಿ ಜೋಕರನಿಗೆ ಮೊದಲು ಕಲಿಸುವುದು ಬೀಳುವುದನ್ನು. ತಲಶ್ಶೇರಿ ಅಂದರೆ ಸುಮ್ಮನೆ ಅಲ್ಲ, ಕೀಲೇರಿ ಕುಂಞಿಕ್ಕಣ್ಣನ್ 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಕಳರಿ ಶುರು ಮಾಡಿದ ಊರು ಅದು. ಅಲ್ಲಿಯ ಒಬ್ಬ ಮುದುಕ ಜೋಕರ್ ನನಗೆ ಹೇಳಿಕೊಟ್ಟದ್ದು ಇಷ್ಟೇ: ಬೀಳುವವನಿಗೆ ತಾನು ಬೀಳ್ತೇನೆ ಅಂತ ಕೊನೇ ಗಳಿಗೆವರೆಗೂ ಗೊತ್ತಿರಬಾರದು, ನೋಡುವವನಿಗೆ ಮೊದಲೇ ಗೊತ್ತಿರಬೇಕು. ಅದಕ್ಕೇ ಆ ಉದ್ದ ಷೂ. ಮೂತಿ ಮುಂದಕ್ಕೆ ಚಾಚಿರ್ತದೆ, ಹಾಗಾಗಿ ಮುಂದಕ್ಕೆ ಅಷ್ಟು ವಾಲಿದರೂ ಮುಖ ನೆಲಕ್ಕೆ ತಾಗುವುದಿಲ್ಲ. ಜನ ಬಿದ್ದ ಬಿದ್ದ ಅಂತ ಬೊಬ್ಬೆ ಹೊಡೀತಾರೆ, ಇವ ವಾಲಿಕೊಂಡೇ ಬೀಡಿ ಹಚ್ಚುತ್ತಾನೆ.

ಮೇಳಕ್ಕೆ ವಾಪಸ್ ಬಂದ ವರ್ಷ ಕೃಷ್ಣಲೀಲೆಯಲ್ಲಿ ರಜಕ ಮಾಡುವಾಗ ಬಟ್ಟೆಯ ಗಂಟು ಹೊತ್ತು ಹಾಗೆ ವಾಲಿದೆ, ಷೂ ಇಲ್ಲದೆ, ಬರೀ ಗಂಟಿನ ಭಾರದಲ್ಲಿ. ಈಸಿಚೇರಿನಲ್ಲಿ ಕೂತ ಒಬ್ಬ ಹಿರಿಯರು ಎದ್ದು "ಇದು ಆಟವಾ ಸರ್ಕಸ್ಸಾ?" ಅಂತ ಕೇಳಿದ್ರು. ನೆಲದ ಟಿಕೇಟಿನವರು ಒನ್ಸ್ ಮೋರ್ ಅಂದ್ರು. ಸಂಬಳ ಬರುವುದು ಎರಡೂ ಟಿಕೇಟಿನಿಂದ, ನಾನೇನು ಮಾಡಲಿ?

ಮದ್ದಳೆ ಪೆಟ್ಟು:
ಅಲ್ಲೇ ಇರುವುದು ತೊಂದರೆ. ನೆಲದ ಟಿಕೇಟು ಕೇಳಿತು ಅಂತ ಕೊಡ್ತಾ ಹೋದರೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳುವುದು ಯಾರಿಗೆ? ಅವರ ಮಾತು ಕೇಳಲಿಕ್ಕೆ ಜನ ಕಾಸರಗೋಡಿನಿಂದ ಕುಂದಾಪುರದವರೆಗೂ ಹೋಗ್ತಿದ್ರು. ಅದರಲ್ಲಿ ಯಾರೂ ಬೀಳಲಿಲ್ಲ.

ಉಪ್ಪಳ ಅಕ್ಕ:
ಶೇಣಿಯವರ ಅರ್ಥದಲ್ಲೂ ನಗು ಇತ್ತು ಅಣ್ಣ, ಕಚಗುಳಿ ಬೇರೆ ಜಾಗದಲ್ಲಿ ಇಡ್ತಿದ್ರು ಅಷ್ಟೇ. ರಾತ್ರಿ ಎರಡು ಗಂಟೆಗೆ ಮಡಿಲಲ್ಲಿ ಮಗು ಹಾಕ್ಕೊಂಡು ನೆಲದಲ್ಲಿ ಕೂತ ನಮ್ಮಂಥವರನ್ನು ಎಬ್ಬಿಸ್ತಾ ಇದ್ದದ್ದು ಹಾಸ್ಯದವರು. ಈಸಿಚೇರಿನವರು ಅಷ್ಟು ಹೊತ್ತಿಗೆ ಗೊರಕೆ ಹೊಡೀತಿದ್ರು.

ದುಬೈ ಮುಳ್ಳೇರಿಯ:
ಅಕ್ಕನಿಗೆ ಒಂದು ಲೈಕು. ಅದಿರಲಿ, ಇದೆಲ್ಲ ಒಂದು ಮ್ಯೂಸಿಯಮ್ಮಿಗೆ ಸೇರಬೇಕಾದ ಸಾಮಾನು. ಧರ್ಮಸ್ಥಳದ ಮಂಜೂಷಾಕ್ಕೆ ಕೊಡಬಹುದು. ಉಡುಪಿಯಲ್ಲೂ ಎಂ.ಜಿ.ಎಂ. ಕಾಲೇಜಿನಲ್ಲಿ ಜಾನಪದ ಕಲೆಗಳ ಸಂಪನ್ಮೂಲ ಕೇಂದ್ರ ಉಂಟು.

ಚಂದ್ರಗಿರಿ ದಾಟಿದವ:
ಕಣ್ಣೂರು ಚಿರಕ್ಕಲ್‌ನಲ್ಲಿ ಕೇರಳ ಫೋಕ್‌ಲೋರ್ ಅಕಾಡೆಮಿ ಉಂಟಲ್ಲ. ಇರುವುದು ಕೇರಳದಲ್ಲಿ, ಪಿಂಚಣಿ ಕೇರಳದ್ದು, ಸಾಮಾನು ಮಾತ್ರ ತಲಪಾಡಿ ಗಡಿ ದಾಟಬೇಕು ಅಂತ ಯಾಕೆ?

ಮದ್ದಳೆ ಪೆಟ್ಟು:
ಯಾಕೆ ಅಂದರೆ ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯ ಸಾಮಾನು ಕನ್ನಡದವರ ಕೈಯಲ್ಲಿ ಇರಬೇಕು. ಗಡಿ ವಿವಾದದ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಯಾರಿಗೆ ಅಂತ 1967ರಲ್ಲೇ ಬರೆದಿದೆ.

ಪೆರ್ಲದ ಮಾಣಿ:
ಬಂತು ಬಂತು, ಮಹಾಜನ ವರದಿ ಬಂತು. ಈ ಊರಿನಲ್ಲಿ ಹಲಸಿನ ಹಪ್ಪಳದ ಬಗ್ಗೆ ಮಾತು ಶುರು ಮಾಡಿದರೂ ಅಲ್ಲಿಗೇ ಬರ್ತದೆ.

ಚಂದ್ರಗಿರಿ ದಾಟಿದವ:
1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ಆಯ್ತು ಮಾರಾಯ. ಆನೆಯ ಗೋಣಿಗೆ ರಾಜ್ಯ ಯಾವುದು?

ಮದ್ದಳೆ ಪೆಟ್ಟು:
ನಿಮಗೆ ಕುಶಾಲು. ನಮ್ಮ ಮಕ್ಕಳ ಶಾಲೆಗೆ ಕನ್ನಡ ಬಾರದ ಮಾಸ್ಟ್ರು ಬರುವಾಗ ಗೊತ್ತಾಗ್ತದೆ.

ಬದಿಯಡ್ಕ ಟೀಚರ್:
ಆ ಮಾತು ಬೇರೆ ಕಡೆ ಆಡುವ, ನನಗೂ ಹೇಳಲಿಕ್ಕೆ ತುಂಬ ಉಂಟು. ಈಗ ಹ್ಯಾಂಡ್‌ಬಿಲ್ಲಿನ ವಿಷಯ. ಒಂದನ್ನಾದರೂ ಓದಿ ಹೇಳ್ತೀರಾ? ಇಸವಿ ಉಂಟಾ?

ಹಳೇ ಹಾಸ್ಯ:
ಹ್ಯಾಂಡ್‌ಬಿಲ್ಲಿನಲ್ಲಿ ಯಾರು ಇಸವಿ ಹಾಕ್ತಾರೆ ಟೀಚರ್? ನಾಳೆ ಆಟ, ನಾಡಿದ್ದು ಅದರಲ್ಲಿ ಕಡ್ಲೆ ಕಟ್ಟುವುದು. ಗುಲಾಬಿ ಕಾಗದದ್ದು ಒಂದು ಉಂಟು: "ಜನವರಿ 14 ಶನಿವಾರ ರಾತ್ರಿ 9-30ಕ್ಕೆ ಸರಿಯಾಗಿ." ಕೆಳಗೆ ಭಾಗವತರ ಹೆಸರಿನ ಹಿಂದೆ "ಮಂಗಳೂರು ಆಕಾಶವಾಣಿ ಖ್ಯಾತಿಯ". ಮೂಲೆಯಲ್ಲಿ ಪ್ರೆಸ್ಸಿನ ವಿಳಾಸ, "ಕಾಸರಗೋಡು, ಕಣ್ಣಾನೂರು ಜಿಲ್ಲೆ". ನನ್ನ ಹೆಸರು ಎಲ್ಲಕ್ಕಿಂತ ಕೆಳಗೆ, ಜನರೇಟರಿನವನ ಮೇಲೆ.

ಚೌಕಿ ಮೂಲೆ:
ಹಾಗಾದರೆ ಹಿಡಿಯಬಹುದು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಈ ನಡುವೆ ಜನವರಿ 14 ಶನಿವಾರ ಬರುವುದು 1978ರಲ್ಲಿ, ಮತ್ತೆ 1984ರಲ್ಲಿ. ಎರಡರಲ್ಲಿ ಒಂದು.

ಹಳೇ ಹಾಸ್ಯ:
1978 ಅಂತ ಬರೆದಿಡಿ. ಆ ಮೇಳ 1980ಕ್ಕೇ ಟೆಂಟು ಮಡಚಿತು. ಯಾವ ಮೇಳ ಅಂತ ಕೇಳಬೇಡಿ, ನನಗೂ ಬಾಕಿ ಉಂಟು.

ಉಪ್ಪಳ ಅಕ್ಕ:
ಸಂಕ್ರಾಂತಿ ದಿವಸ ಅದು. ಕುಂಬಳೆ ದೇವಸ್ಥಾನದ ಆಯನ ಜಾತ್ರೆ, ಸಿಡಿಮದ್ದಿನ ಬೆಡಿ ಎಲ್ಲ ಆಸುಪಾಸಿನಲ್ಲೇ. ಆಗೆಲ್ಲ ಬೆಡಿಗೆ ಹೋದವರು ಹಾಗೇ ಆಟಕ್ಕೆ ಹೋಗಿ ಬೆಳಗ್ಗೆ ಮನೆಗೆ. ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಸಮಯದಲ್ಲೂ ಹಾಗೇ ಜನ, 88ರಲ್ಲಿ ಅಲ್ವಾ ಅದು?

ಚೌಕಿ ಮೂಲೆ:
1992 ಅಕ್ಕ. ಮತ್ತೆ ಆದದ್ದು 2025ರಲ್ಲಿ.

ಪೆರ್ಲದ ಮಾಣಿ:
ಮಾವ ಕಿರೀಟದ ಫೋಟೋ ಇನ್ನೂ ಬರಲಿಲ್ಲ 🙏

ಚೌಕಿ ಮೂಲೆ:
ನನಗೂ ಆ ಕಿರೀಟದ್ದೇ ಸಂಶಯ. ಮೇಳದ ಕಿರೀಟ ಆದರೆ ಅದನ್ನು ಹೀಗೆ ಕೊಡಲಿಕ್ಕಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಯ ಎದುರು ಇಟ್ಟು ಪೂಜೆ ಆದದ್ದು. ಫ್ಲಾಟಿನ ಗೋಡೆಗೆ ಹಾಕುವ ಸಾಮಾನಲ್ಲ ಅದು, ಮುಳ್ಳೇರಿಯದವರು ಬೇಜಾರು ಮಾಡಬೇಡಿ.

ಹಳೇ ಹಾಸ್ಯ:
ಮೇಳದ ಕಿರೀಟ ನನ್ನ ಪೆಟ್ಟಿಗೆಗೆ ಹೇಗೆ ಬರ್ತದೆ? ಇದು ನಾನು ಮಾಡಿದ್ದು. ಹಾಸ್ಯದ ಅರಸನಿಗೆ. ಮರ ಅಲ್ಲ, ರಟ್ಟು. ಬೇಗಡೆ ಇಲ್ಲ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಸೇದಿದ್ದು ಮ್ಯಾನೇಜರು, ಕಾಗದ ಒಟ್ಟು ಮಾಡಿದ್ದು ನಾನು. ತುದಿಯ ಕಳಶಕ್ಕೆ ಸೀಮೆಎಣ್ಣೆ ಹಾಕುವ ಲಾಳಿಕೆ ಮಗುಚಿ ಇಟ್ಟದ್ದು. ಫೋಟೋ ಹಾಕಿದ್ದೇನೆ, ನೋಡಿ.

ಪೆರ್ಲದ ಮಾಣಿ:
ಓಹ್. ಹಾಗಾದರೆ ಬೇಡ ಮಾವ.

ದುಬೈ ಮುಳ್ಳೇರಿಯ:
ನಾನೂ ಪಾರ್ಸೆಲ್ ಬಗ್ಗೆ ಆಮೇಲೆ ಹೇಳ್ತೇನೆ.

ಬದಿಯಡ್ಕ ಟೀಚರ್:
ನನಗೆ ಬೇಕು! ಕಿರೀಟವೂ ಹಲ್ಲೂ ಗೊಂಬೆಯೂ. ಶಾಲೆಯ ವಾರ್ಷಿಕೋತ್ಸವಕ್ಕೆ ಐದನೇ ಕ್ಲಾಸಿನವರು ಕೃಷ್ಣಲೀಲೆ ಮಾಡ್ತಾರೆ. ಬಾಡಿಗೆಗೆ ತಂದ ವೇಷಭೂಷಣ ಆದರೆ ಮುಟ್ಟಬೇಡ, ಬಗ್ಗಬೇಡ ಅಂತ ನಾವೇ ಹಿಂದಿನಿಂದ ಗದರಬೇಕು. ಇದಾದರೆ ಮುರಿದರೂ ರಟ್ಟು ಸಿಗ್ತದೆ. ಹಲ್ಲು ಬಾಯಲ್ಲಿ ನಿಲ್ಲುವುದು ಹೇಗೆ ಅಂತ ಮಾತ್ರ ಹೇಳಿಕೊಡಿ.

ಹಳೇ ಹಾಸ್ಯ:
ಹಾಳೆಯ ಒಳಮೈ ಹೊರಗೆ ಬರಬೇಕು, ಅದು ಬಿಳಿ. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ಹಾಕಿ. ಹಲ್ಲಿನ ಮೇಲೆ ಒಂದು ಬೆರಳಿನಷ್ಟು ಪಟ್ಟಿ ಬಿಡಿ, ಆ ಪಟ್ಟಿ ತುಟಿಗೂ ವಸಡಿಗೂ ನಡುವೆ ಕೂರ್ತದೆ. ಒದ್ದೆ ಇರುವಾಗಲೇ ಅವರವರ ಬಾಯಿಗೆ ಇಟ್ಟು ಬಗ್ಗಿಸಬೇಕು, ಒಬ್ಬರ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲ. ಮಾತು ತೊದಲ್ತದೆ, ತೊದಲಬೇಕು. ನನ್ನ ಡಬ್ಬಿಯದ್ದು ಬರೀ ಮಾದರಿಗೆ ನೋಡಲಿ. ಯಾರೂ ಬಾಯಿಗೆ ಹಾಕಬಾರದು, ಬಣ್ಣದ ಪೊಟ್ಟಣದ ಪಕ್ಕ ಇದ್ದದ್ದು. ಕಿರೀಟವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡ್ತೇನೆ.

ಚಂದ್ರಗಿರಿ ದಾಟಿದವ:
ಗೊಂಬೆಯನ್ನು ಪಿಲಿಕುಂಜೆಯ ಬೊಂಬೆಮನೆಗೆ ತೋರಿಸಬಹುದಿತ್ತು. ಅವರದ್ದು ಯಕ್ಷಗಾನ ಬೊಂಬೆಯಾಟ.

ಹಳೇ ಹಾಸ್ಯ:
ಅವರದ್ದು ಮೇಲಿನಿಂದ ಸೂತ್ರ ಹಿಡಿದು ಕುಣಿಸುವ ಗೊಂಬೆ. ತೆಂಕುತಿಟ್ಟಿನ ವೇಷ ಎಲ್ಲ ಸಮಾ ಇರ್ತದೆ, ನೋಡಲಿಕ್ಕೆ ಚಂದ. ನನ್ನದು ತೊಡೆ ಮೇಲೆ ಕೂತು ಬೈಯುವ ಗೊಂಬೆ. ಬೆನ್ನಲ್ಲಿ ತೂತು, ಒಳಗೆ ಕೈ ಹಾಕಿ ದವಡೆಯ ನೂಲು ಎಳೆಯುವುದು. ಮೀನು ಗಾಳದ ನೂಲು ಹಾಕಿದರೆ ಸರಿಯಾದೀತು. ನಾನೇ ಹಾಕಿ ಕೊಡ್ತೇನೆ. ಶನಿವಾರ ಬನ್ನಿ ಟೀಚರ್, ಊಟಕ್ಕೇ ಬನ್ನಿ. ಹೆಂಡತಿಗೂ ಖುಷಿ, ಪೆಟ್ಟಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕಂತೆ.

ಮದ್ದಳೆ ಪೆಟ್ಟು:
ಹ್ಯಾಂಡ್‌ಬಿಲ್ಲುಗಳನ್ನು ಮಾತ್ರ ಶಾಲೆಗೆ ಕೊಡಬೇಡಿ, ಮಕ್ಕಳು ವಿಮಾನ ಮಾಡ್ತಾರೆ. ನಾನು ಒಂದೊಂದನ್ನೂ ಸ್ಕ್ಯಾನ್ ಮಾಡಿಸಿ ಉಡುಪಿಗೂ ಚಿರಕ್ಕಲ್ಲಿಗೂ ಕಳಿಸ್ತೇನೆ. ಎರಡೂ ಕಡೆ. ಆಯ್ತಾ ಚಂದ್ರಗಿರಿಯವರೇ?

ಚಂದ್ರಗಿರಿ ದಾಟಿದವ:
ಆಯ್ತು. ಸ್ಕ್ಯಾನಿನ ದುಡ್ಡಿನಲ್ಲಿ ಅರ್ಧ ನನ್ನದು.

ಗದ್ದೆಹುಣಿ:
ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಆ ಗೋಣಿಯಲ್ಲಿ ಎರಡು ವರ್ಷ ಅಡಿಕೆ ತುಂಬಿಸಿದ್ರಂತೆ, ಮಸಿ ಹತ್ತಿ ಸಾಹುಕಾರರ ಹತ್ತಿರ ಬೈಸಿಕೊಂಡ್ರಂತೆ. ಮಾತಾಡ್ಲಿಕ್ಕೆ ಮನಸ್ಸುಂಟು, ಆದರೆ ಮುಂದಿನ ಅರ್ಧದವರೇ ಮೊದಲು ಫೋನು ಮಾಡಬೇಕು ಅಂತಾರೆ.

ಉಪ್ಪಳ ಅಕ್ಕ:
ಮಾಡಿ ಹಾಸ್ಯಗಾರ್ರೇ, ಇಬ್ಬರಿಗೂ ವಯಸ್ಸಾಯ್ತು.

ಹಳೇ ಹಾಸ್ಯ:
ನಂಬರು ಮೆಸೇಜು ಮಾಡಿ, ಸಂಜೆ ಕೆಲಸದವರು ಹೋದ ಮೇಲೆ ಮಾಡ್ತೇನೆ. ಆದರೆ ಒಂದು ಮೊದಲೇ ಹೇಳಿಡಿ ಅವನಿಗೆ. ಹೆಬ್ಬೆರಳು ತುಳಿದದ್ದು ನಾನಲ್ಲ, ಮೊಸಳೆ.